ಊರಿನ ಗಾಳಿ, ಗಲ್ಲಿಯ ಗಾಳಿ

ಚೆಂಬೂರಿನ ನಮ್ಮ ಹೌಸಿಂಗ್ ಸೊಸೈಟಿಯ ಎದುರಿಗೆ ಉಡುಪಿ ಕಡೆಯವರೊಬ್ಬರ ಹೊಟೇಲಿದೆ. ಬೆಳಗ್ಗೆ ಇಡ್ಲಿ, ವಡೆ. ಮಧ್ಯಾಹ್ನ ರೈಸ್ ಪ್ಲೇಟ್. ಸಂಜೆ ಏಳರ ನಂತರ ಪಂಜಾಬಿ ಮತ್ತು ತಂದೂರಿ. ಮುಂಬಯಿಯ ಬಹುಪಾಲು ‘ಉಡುಪಿ’ ಹೊಟೇಲುಗಳು ಬದುಕಿ ಉಳಿದ ಬಗೆ ಇದೇ. ಅದರ ಹಿಂಬದಿಯ ಗೋಡೆಗೆ ಅಂಟಿಕೊಂಡ ತಗಡಿನ ಕೊಳವೆಯೊಂದು ಎರಡನೇ ಮಹಡಿಯ ತನಕ ಏರಿ ಅಲ್ಲಿಗೇ ನಿಲ್ಲುತ್ತದೆ. ಅಷ್ಟೇ ಎತ್ತರದಲ್ಲಿ, ಹತ್ತು ಹನ್ನೆರಡು ಅಡಿ ಆಚೆಗೆ, ನಮ್ಮ ಕಟ್ಟಡದ ಅಡುಗೆಮನೆಯ ಕಿಟಕಿಗಳಿವೆ. ಸಂಜೆ ತಂದೂರು ಹೊತ್ತಿಸುವ ಮೊದಲ ಅರ್ಧ ಗಂಟೆ ಆ ಕಿಟಕಿಗಳನ್ನು ಮುಚ್ಚಿಡುವುದು ನಮ್ಮ ಮಹಡಿಯವರಿಗೆ ದೇವರ ದೀಪ ಹಚ್ಚುವಷ್ಟೇ ನಿಯಮಿತವಾದ ಅಭ್ಯಾಸವಾಗಿತ್ತು.

2025ರ ಬೇಸಿಗೆಯಲ್ಲಿ, ಇದ್ದಿಲು ಬಿಡಬೇಕೆಂಬ ಪಾಲಿಕೆಯ ನೋಟಿಸು ಬಂದಾಗ ಹೊಟೇಲಿನ ಧಣಿ ಅದನ್ನು ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗೆ ಸೇರಿಸಿಟ್ಟಿದ್ದರು. ಕೇಳಿದರೆ, “ಇದ್ದಿಲಿನ ವಾಸನೆ ಇಲ್ಲದ ತಂದೂರಿಗೆ ಗಿರಾಕಿ ಎರಡನೇ ಸಲ ಬರ್ತಾನಾ ಮಾರಾಯ್ರೆ?” ಎಂದರು. ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಸ್ಟೀಲಿನ ಹೊದಿಕೆಯೊಳಗೆ ಮಣ್ಣಿನ ತಂದೂರು, ಮೂಲೆಯಲ್ಲಿ ಅರೆಬರೆ ಖಾಲಿಯಾದ ಇದ್ದಿಲಿನ ಗೋಣಿಚೀಲ, ಹಿಟ್ಟನ್ನು ಬಟ್ಟೆಯ ಗದ್ದಿಗೆಯ ಮೇಲೆ ಹರಡಿ ಮೊಣಕೈವರೆಗೆ ಒಲೆಯೊಳಗೆ ಕೈ ಇಳಿಸಿ ಗೋಡೆಗೆ ಬಡಿಯುವ ಹುಡುಗ. ಅವನ ಬಲಗೈಯಲ್ಲಿ ಕೂದಲಿರಲಿಲ್ಲ. ಅವನು ಮಲಗುವುದು ಅದೇ ಅಡುಗೆಮನೆಯ ಮೇಲಿನ ಪೋಟ್‌ಮಾಳಾ ಎಂಬ ಅಟ್ಟದಲ್ಲಿ, ಅಂದರೆ ಹೊಗೆ ಏರುವ ದಾರಿಯಲ್ಲೇ. ನಾವು ಕಿಟಕಿ ಮುಚ್ಚಿಕೊಳ್ಳುವ ಅರ್ಧ ಗಂಟೆಯ ಹೊಗೆ ಅವನ ಪಾಲಿಗೆ ಎಂಟು ಗಂಟೆಯ ಹೊಗೆಯಾಗಿತ್ತು.

ಆ ನೋಟಿಸಿನ ಹಿಂದೆ ಬಾಂಬೆ ಹೈಕೋರ್ಟಿನ ಒಂದು ಆದೇಶವಿದೆ. ನಗರದ ಗಾಳಿ ಕೆಟ್ಟ ಬಗ್ಗೆ ನ್ಯಾಯಾಲಯ 2023ರ ಅಕ್ಟೋಬರ್ ಕೊನೆಯಲ್ಲಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತ್ತು. ಅದರ ವಿಚಾರಣೆಯಲ್ಲಿ 2025ರ ಜನವರಿ 9ರಂದು ಮುಖ್ಯ ನ್ಯಾಯಮೂರ್ತಿ ದೇವೇಂದ್ರ ಕುಮಾರ್ ಉಪಾಧ್ಯಾಯ ಮತ್ತು ನ್ಯಾಯಮೂರ್ತಿ ಗಿರೀಶ್ ಕುಲಕರ್ಣಿ ಅವರಿದ್ದ ಪೀಠವು, ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು ಹಾಗೂ ಅಂಥದೇ ಉದ್ಯಮಗಳು ಆರು ತಿಂಗಳೊಳಗೆ ಅನಿಲಕ್ಕೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಹೇಳಿತು. ಅಧಿಕಾರಿಗಳು ಕೊಡಲು ಹೊರಟಿದ್ದದ್ದು ಒಂದು ವರ್ಷದ ಅವಧಿ. ನ್ಯಾಯಾಲಯ ಅದನ್ನು ಅರ್ಧಕ್ಕೆ ಇಳಿಸಿತು. ಹೊಸದಾಗಿ ಕಟ್ಟಿಗೆ, ಕಲ್ಲಿದ್ದಲಿನ ಬೇಕರಿಗೆ ಪರವಾನಗಿ ಕೊಡುವುದನ್ನೂ ನಿಲ್ಲಿಸಿತು. ಇದ್ದಿಲಿನ ತಂದೂರಿನ ಹೊಟೇಲುಗಳಿಗೂ ಪಾಲಿಕೆಯಿಂದ ನೋಟಿಸು ಹೋದದ್ದು ಇದೇ ಬೆನ್ನಲ್ಲೇ.

ಬೇಕರಿಯ ಒಲೆಯಲ್ಲಿ ಉರಿಯುವುದು ಬರಿಯ ಸೌದೆಯೆಂದು ಭಾವಿಸಿದವರು ಯಾವುದಾದರೂ ಪಾವ್ ಬೇಕರಿಯ ಹಿಂದಿನ ಗಲ್ಲಿಗೆ ಹೋಗಿ ನೋಡಬೇಕು. ಕಡಿದ ಮರದ ದಿಮ್ಮಿಗಿಂತ ಹಳೇ ಮನೆಯ ಬಾಗಿಲು, ಮುರಿದ ಮಂಚ, ಪ್ಲೈವುಡ್ ತುಂಡು ಅಗ್ಗವಾದ್ದರಿಂದ ಒಲೆಗೆ ಬೀಳುವುದು ಹೆಚ್ಚಾಗಿ ಅವೇ. ಅವುಗಳಿಗೆ ಬಳಿದ ಬಣ್ಣ, ಪಾಲಿಶು, ಅಂಟು ಎಲ್ಲವೂ ಹೊಗೆಯಾಗಿ ಹೊರಬರುತ್ತವೆ. ಕಟ್ಟಿಗೆ ಸಸ್ಯಮೂಲದ್ದು, ಮರ ಮತ್ತೆ ಬೆಳೆಯುತ್ತದೆ, ಆದ್ದರಿಂದ ಹವಾಮಾನದ ಲೆಕ್ಕದಲ್ಲಿ ಅದು ಅಷ್ಟೇನೂ ಕೆಟ್ಟದ್ದಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಪ್ಲೈವುಡ್ ಮಂಚವನ್ನು ಮತ್ತೆ ನೆಟ್ಟು ಬೆಳೆಸಿದವರನ್ನು ನಾನು ಕಂಡಿಲ್ಲ.

ಒಂದು ತಂದೂರು, ಒಂದು ಬೇಕರಿ ಒಲೆ ನಗರದ ಒಟ್ಟು ಹೊಗೆಯಲ್ಲಿ ಎಷ್ಟನೆಯ ಪಾಲು ಎಂದು ಕೇಳುವುದು ಸಹಜ. ಆದರೆ ಹೊಗೆಯ ತೂಕವಷ್ಟೇ ಮುಖ್ಯವಾದದ್ದು ಅದು ಬಿಡುಗಡೆಯಾಗುವ ಎತ್ತರ. ವಿದ್ಯುತ್ ಸ್ಥಾವರದ ಮುಗಿಲೆತ್ತರದ ಚಿಮಣಿಯಿಂದ ಹೊರಟ ಹೊಗೆ ಜನರ ಮೂಗಿಗೆ ಮುಟ್ಟುವ ಮೊದಲು ಬಹಳಷ್ಟು ಗಾಳಿಯೊಂದಿಗೆ ಬೆರೆತು ತೆಳುವಾಗುತ್ತದೆ. ಎರಡನೇ ಮಹಡಿಯ ಎತ್ತರದ ಕೊಳವೆಯಿಂದ ಹೊರಟದ್ದಕ್ಕೆ ಆ ಅವಕಾಶವೇ ಇರುವುದಿಲ್ಲ. ಎರಡು ಕಟ್ಟಡಗಳ ನಡುವಿನ ಗಲ್ಲಿಯಲ್ಲಿ ಅದು ಬಾವಿಯೊಳಗಿನ ಹೊಗೆಯಂತೆ ನಿಂತುಬಿಡುತ್ತದೆ. ಪಿಎಂ 2.5 ಎಂದು ಕರೆಯುವ, 2.5 ಮೈಕ್ರೊಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತೀರಾ ಒಳಗಿನ ಗೂಡುಗಳನ್ನು ಸೇರಿ ಅಲ್ಲಿಂದ ರಕ್ತಕ್ಕೂ ದಾಟಬಲ್ಲವು. ನಮ್ಮ ದೇಶದ ಮಾನದಂಡದಲ್ಲಿ ಅದರ ವಾರ್ಷಿಕ ಸರಾಸರಿಯ ಮಿತಿ ಒಂದು ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಗಾಳಿಯ ಗುಣಮಟ್ಟ ತೋರಿಸುವ ಸರಕಾರಿ ‘ಸಮೀರ್’ ಆ್ಯಪಿನಲ್ಲಿ ಹಳದಿಯೋ ಹಸಿರೋ ಎಂದು ನೋಡಿ ಸಮಾಧಾನಪಡುವವರು ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅಲ್ಲದೆ ಆ್ಯಪಿನ ಅಂಕಿ ಮಾಪನ ಕೇಂದ್ರವಿರುವ ಜಾಗದ್ದು, ನಮ್ಮ ಗಲ್ಲಿಯದ್ದಲ್ಲ.

ಮುಂಬಯಿ ತನ್ನ ಗಾಳಿಯ ಬಗ್ಗೆ ಬಹುಕಾಲ ಯೋಚಿಸದೇ ಇದ್ದುದಕ್ಕೆ ಕಾರಣ ಸಮುದ್ರ. ಮಧ್ಯಾಹ್ನ ಕಡಲಿನಿಂದ, ರಾತ್ರಿ ನೆಲದಿಂದ ಬೀಸುವ ಗಾಳಿ ಕಸ ಗುಡಿಸುವ ಕೆಲಸ ಮಾಡಿಕೊಡುತ್ತಿತ್ತು. 2022–23ರ ಚಳಿಗಾಲದಲ್ಲಿ ಆ ಗುಡಿಸುವಿಕೆ ನಿಧಾನವಾದಾಗ ನಗರ ಕೆಮ್ಮತೊಡಗಿತು. ಸತತ ಮೂರು ವರ್ಷ ಎಳೆದ ಲಾ ನಿನಾದ, ಅಂದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ತಣ್ಣಗಾಗುವ ವಿದ್ಯಮಾನದ, ಪರಿಣಾಮವಾಗಿ ಗಾಳಿಯ ಚಲನೆ ಬದಲಾದದ್ದು ಇದಕ್ಕೆ ಕಾರಣವೆಂದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಗುಫ್ರಾನ್ ಬೇಗ್ ಮತ್ತವರ ಸಂಗಡಿಗರು ವಿವರಿಸಿದ್ದಾರೆ. ಹವಾಮಾನ ಮತ್ತು ವಾಯುಮಾಲಿನ್ಯ ಒಂದನ್ನೊಂದು ಮುಟ್ಟುವುದು ಇಂಥಲ್ಲಿ. ಕೊಳೆ ನಾವು ಸೇರಿಸಿದ್ದು. ಅದನ್ನು ಹೊತ್ತೊಯ್ಯುವ ಗಾಳಿಯನ್ನು ಮಾತ್ರ ಇನ್ನು ಹಳೆಯ ವಿಶ್ವಾಸದಿಂದ ಕಾಯುತ್ತ ಕೂರುವಂತಿಲ್ಲ.

ಈ ಎರಡೂ ಒಂದನ್ನೊಂದು ಮುಟ್ಟುತ್ತವೆ ಎಂದೊಡನೆ ಎರಡಕ್ಕೂ ಒಂದೇ ಮದ್ದು ಎಂದು ತೀರ್ಮಾನಿಸುವವರೇ ಹೆಚ್ಚು. ನಮ್ಮ ಸಂಘಸಂಸ್ಥೆಗಳ ಭಾಷಣಗಳಲ್ಲಂತೂ ‘ಪರಿಸರ’ ಎಂಬ ಒಂದೇ ಪದದ ಕೆಳಗೆ ಓಝೋನು, ಪ್ಲಾಸ್ಟಿಕ್ಕು, ಗುಬ್ಬಚ್ಚಿ ಎಲ್ಲವೂ ಬಂದು ಕೂರುತ್ತವೆ. ಗಾಳಿಯ ಲೆಕ್ಕ ಮತ್ತು ಹವಾಮಾನದ ಲೆಕ್ಕ ಎರಡು ಬೇರೆ ಬೇರೆ ಖಾತೆಗಳು. ಎದುರಿನ ಹೊಟೇಲನ್ನೇ ತೆಗೆದುಕೊಂಡು ಇದನ್ನು ಬಿಡಿಸಿ ನೋಡಬಹುದು. ಇದ್ದಿಲು ಬಿಟ್ಟು ಅನಿಲಕ್ಕೆ ಬಂದರೆ ಗಲ್ಲಿಯ ಕಣಗಳ ಪ್ರಮಾಣ ಅದೇ ಸಂಜೆಯಿಂದ ಇಳಿಯುತ್ತದೆ, ಇದರಲ್ಲಿ ಅನುಮಾನವಿಲ್ಲ. ಆದರೆ ಎಲ್‌ಪಿಜಿಯೂ ಕೊಳವೆ ಅನಿಲವೂ ನೆಲದಡಿಯಿಂದ ತೆಗೆದ ಇಂಧನಗಳೇ. ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರ್ ಒಂದು ಪೂರ್ತಿ ಉರಿದರೆ ಸುಮಾರು 57 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ.

ಹಾಗಾದರೆ ಎಲ್ಲವನ್ನೂ ವಿದ್ಯುತ್ತಿಗೆ ಬದಲಾಯಿಸಿದರೆ ಮುಗಿಯಿತಲ್ಲ ಎನ್ನಬಹುದು. ಅದೇ ಸಿಲಿಂಡರಿನ ಶಾಖದಲ್ಲಿ ಅರ್ಧದಷ್ಟು ಪಾತ್ರೆಗೆ ಮುಟ್ಟುತ್ತದೆ ಎಂದು ಹಿಡಿದರೆ ಅದು ಸುಮಾರು 120 ಯೂನಿಟ್ ವಿದ್ಯುತ್ತಿನ ಶಕ್ತಿಗೆ ಸಮ. ಇಂಡಕ್ಷನ್ ಒಲೆಯಲ್ಲಿ ನಷ್ಟ ಕಡಿಮೆಯಾದರೂ ಅಷ್ಟು ಶಾಖಕ್ಕೆ 140 ಯೂನಿಟ್ ಆಸುಪಾಸು ಬೇಕು. ದೇಶದ ವಿದ್ಯುತ್ ಜಾಲದಲ್ಲಿ ಈಗ ಒಂದು ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಗುಣಿಸಿದರೆ ನೂರು ಕಿಲೋ. ಅಂದರೆ ಇವತ್ತಿನ ಸ್ಥಿತಿಯಲ್ಲಿ ಹೊಟೇಲಿನವರು ಅನಿಲ ಬಿಟ್ಟು ವಿದ್ಯುತ್ ಒಲೆ ಹಾಕಿಸಿದರೆ ಗಲ್ಲಿಯ ಗಾಳಿ ಇನ್ನಷ್ಟು ತಿಳಿಯಾಗುತ್ತದೆ, ಹವಾಮಾನದ ಖಾತೆಯಲ್ಲಿ ಮಾತ್ರ ಸಾಲ ಹೆಚ್ಚಾಗುತ್ತದೆ. ಹೊಗೆ ಇಲ್ಲವಾಗುವುದಿಲ್ಲ, ಅದು ವಿದ್ಯುತ್ ಸ್ಥಾವರದ ಚಿಮಣಿಗೆ ವರ್ಗವಾಗುತ್ತದೆ. ಆ ಚಿಮಣಿಗಳಲ್ಲೊಂದು ಟ್ರಾಂಬೆಯಲ್ಲಿ, ನಮ್ಮ ಮಹಡಿಯ ತಾರಸಿಯಿಂದ ಕಾಣುವಷ್ಟು ಹತ್ತಿರದಲ್ಲಿದೆ. ಅಲ್ಲಿನ ಕಲ್ಲಿದ್ದಲಿನ ಘಟಕವನ್ನು ಮುಚ್ಚುವ ಗಡುವು, ನಗರದ ಬೇಡಿಕೆ ಏರಿತೆಂಬ ಕಾರಣಕ್ಕೆ ಮುಂದೆ ಹೋಗಿದೆ.

ಪಾಲಿಕೆ 2022ರ ಮಾರ್ಚಿನಲ್ಲಿ ಬಿಡುಗಡೆ ಮಾಡಿದ ಮುಂಬಯಿ ಹವಾಮಾನ ಕ್ರಿಯಾ ಯೋಜನೆಯ ಅಂಕಿಗಳೂ ಇದೇ ಕತೆ ಹೇಳುತ್ತವೆ. 2019ರಲ್ಲಿ ನಗರದಿಂದ ಹೊರಟ ಹಸಿರುಮನೆ ಅನಿಲಗಳ ಮೊತ್ತ 2.34 ಕೋಟಿ ಟನ್. ಅದರಲ್ಲಿ ಶೇ 72ರಷ್ಟು ಕಟ್ಟಡಗಳೂ ಉದ್ಯಮಗಳೂ ಬಳಸುವ ಇಂಧನ ಮತ್ತು ವಿದ್ಯುತ್ತಿನದು, ಶೇ 20 ಸಾರಿಗೆಯದು, ಉಳಿದ ಶೇ 8 ಕಸದ್ದು. 2030ಕ್ಕೆ ಶೇ 30, 2040ಕ್ಕೆ ಶೇ 44ರಷ್ಟು ಇಳಿಸಿ, 2050ಕ್ಕೆ ನಿವ್ವಳ ಶೂನ್ಯ, ಅಂದರೆ ಹೊರಬಿಟ್ಟಷ್ಟನ್ನೂ ಹೀರಿಕೊಳ್ಳುವ ಸ್ಥಿತಿ, ಮುಟ್ಟುವುದು ಗುರಿ. ದೇಶದ ಗುರಿಗಿಂತ ಇಪ್ಪತ್ತು ವರ್ಷ ಮೊದಲು. ಗುರಿ ದೊಡ್ಡದು. ಆದರೆ ಶೇ 72ರ ಆ ದೊಡ್ಡ ಪಾಲನ್ನು ಯಾವ ಗಲ್ಲಿಯ ಸಮಿತಿಯೂ ಗಿಡ ನೆಟ್ಟು ಕರಗಿಸಲಾರದು. ಅಲ್ಲಿ ಗ್ರಾಹಕನ ಕೈಗೆಟಕುವ ಒಂದು ಸಣ್ಣ ಹಿಡಿಕೆ ಇದೆ: ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ 2021ರಲ್ಲಿ ಒಪ್ಪಿದ ‘ಹಸಿರು ದರ’. ಆಗ ನಿಗದಿಯಾದಂತೆ ಯೂನಿಟ್ಟಿಗೆ 66 ಪೈಸೆ ಹೆಚ್ಚು ಕೊಟ್ಟರೆ ಆ ಗ್ರಾಹಕನ ಲೆಕ್ಕಕ್ಕೆ ಪೂರ್ತಿ ನವೀಕರಿಸಬಹುದಾದ ಮೂಲದ ವಿದ್ಯುತ್ತನ್ನು ಕಂಪನಿ ಖರೀದಿಸಬೇಕು. ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಸೊಸೈಟಿ ಬಿಲ್ಲನ್ನು ಈ ದರಕ್ಕೆ ಬದಲಾಯಿಸುವ ಪ್ರಸ್ತಾಪವನ್ನು ನಾನೇ ನಮ್ಮ ವಾರ್ಷಿಕ ಸಭೆಯಲ್ಲಿ ಇಟ್ಟಿದ್ದೆ. ಮೆಂಟೆನೆನ್ಸ್‌ನಲ್ಲಿ ತಿಂಗಳಿಗೆ ಒಂದು ಮಸಾಲೆ ದೋಸೆಯಷ್ಟೂ ಹೆಚ್ಚಾಗದ ಆ ಪ್ರಸ್ತಾಪ ‘ಮುಂದಿನ ವರ್ಷ ನೋಡೋಣ’ ಎಂಬಲ್ಲಿಗೆ ನಿಂತಿತು. ಅದೇ ಸಭೆಯಲ್ಲಿ ಗೇಟಿಗೆ ಹೊಸ ಕಮಾನು ಹಾಕಿಸಲು ಐದು ನಿಮಿಷವೂ ಹಿಡಿಯಲಿಲ್ಲ.

ಕಸದ ವಿಷಯದಲ್ಲಿ ಗಾಳಿಯ ಖಾತೆ ಮತ್ತು ಹವಾಮಾನದ ಖಾತೆ ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ. ಗಲ್ಲಿಮಟ್ಟದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಂಬಯಿಯ ಕಸದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬರುವುದು ಅಡುಗೆಮನೆಯ ಹಸಿಕಸವೇ. ಅದು ಡಂಪಿಂಗ್ ಗ್ರೌಂಡಿನ ಗುಡ್ಡದೊಳಗೆ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ. ಅದೇ ಮೀಥೇನ್ ಬೆಂಕಿಗೂ ಮೇವು. 1927ರಿಂದ ಕಸ ಬೀಳುತ್ತಿರುವ ದೇವನಾರದ ಗುಡ್ಡ 2016ರ ಜನವರಿಯಲ್ಲಿ ಹೊತ್ತಿಕೊಂಡಾಗ ಅದರ ಹೊಗೆ ನಾಸಾದ ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು, ಸುತ್ತಲಿನ ಶಾಲೆಗಳನ್ನು ಮುಚ್ಚಬೇಕಾಗಿ ಬಂದಿತ್ತು. ಆ ವಾರ ಚೆಂಬೂರಿನಲ್ಲಿ ಒಣಗಹಾಕಿದ ಬಟ್ಟೆಗಳನ್ನು ಮತ್ತೆ ಒಗೆಯಬೇಕಾಗಿತ್ತು. ವಾಸನೆ ನೂಲಿನೊಳಗೇ ಇಳಿದಿತ್ತು.

ಹಸಿಕಸವನ್ನು ಹುಟ್ಟಿದ ಜಾಗದಲ್ಲೇ ಗೊಬ್ಬರ ಮಾಡುವ ಯೋಚನೆ ಈ ನಗರಕ್ಕೆ ಹೊಸತಲ್ಲ. ಘಾಟ್ಕೋಪರಿನ ಜೋಶಿ ಲೇನಿನ ನಿವಾಸಿಗಳು 1990ರ ದಶಕದ ಮಧ್ಯದಲ್ಲಿ ತಮ್ಮ ಓಣಿಯ ಕಸವನ್ನು ತಾವೇ ಬೇರ್ಪಡಿಸಿ ವಿಲೇವಾರಿ ಮಾಡತೊಡಗಿದ್ದರಿಂದಲೇ ಪಾಲಿಕೆಯ ‘ಎಎಲ್‌ಎಂ’ ವ್ಯವಸ್ಥೆ, ಅಂದರೆ ಬಡಾವಣೆಯ ನಿವಾಸಿಗಳ ಗುಂಪು ವಾರ್ಡ್ ಕಚೇರಿಯೊಂದಿಗೆ ಕೂಡಿ ಕೆಲಸ ಮಾಡುವ ಪದ್ಧತಿ, ಹುಟ್ಟಿಕೊಂಡಿತು. ನಗರದಾದ್ಯಂತ ಇಂಥ ನೂರಾರು ಗುಂಪುಗಳಾದವು. ಅವುಗಳಲ್ಲಿ ಹಲವು ಈಗ ಫಲಕದಲ್ಲಷ್ಟೇ ಉಳಿದಿವೆ. 2017ರ ಅಕ್ಟೋಬರ್ 2ರಿಂದ 20,000 ಚದರ ಮೀಟರಿಗಿಂತ ದೊಡ್ಡ ಅಥವಾ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹೊರಹಾಕುವ ಸೊಸೈಟಿ, ಹೊಟೇಲುಗಳು ತಮ್ಮ ಹಸಿಕಸವನ್ನು ತಾವೇ ಸಂಸ್ಕರಿಸಬೇಕೆಂದು ಪಾಲಿಕೆ ಹೇಳಿತು. ದಂಡದ ಎಚ್ಚರಿಕೆ ಬಂತು, ಅವಧಿ ವಿಸ್ತರಣೆ ಬಂತು, ಆಸ್ತಿತೆರಿಗೆಯಲ್ಲಿ ರಿಯಾಯಿತಿಯ ಆಸೆಯೂ ಬಂತು.

ನಮ್ಮ ಸೊಸೈಟಿ ಆ ಮಿತಿಯ ಕೆಳಗೇ ಬರುತ್ತದೆ. ಆದರೂ ಉತ್ಸಾಹದಲ್ಲಿ ಹಿಂದಿನ ಕಾಂಪೌಂಡಿನ ಮೂಲೆಯಲ್ಲಿ ಎರಡು ಇಟ್ಟಿಗೆಯ ತೊಟ್ಟಿ ಕಟ್ಟಿಸಿದೆವು. ಮೊದಲ ಮಳೆಗಾಲದಲ್ಲೇ ಅದು ಸೋತಿತು. ಸೋತ ಕಾರಣ ಬಹಳ ಸಣ್ಣದು: ತೊಟ್ಟಿಗೆ ಒಣ ಪದಾರ್ಥ ಹಾಕುವವರಿರಲಿಲ್ಲ. ಹಸಿ ತರಕಾರಿ ಸಿಪ್ಪೆಯ ಮೇಲೆ ಅಷ್ಟೇ ಪ್ರಮಾಣದ ಒಣ ಎಲೆ, ತೆಂಗಿನ ನಾರು, ಮರದ ಹೊಟ್ಟು ಯಾವುದಾದರೂ ಬೀಳದಿದ್ದರೆ ಗಾಳಿಯಾಡುವುದಿಲ್ಲ. ಗೊಬ್ಬರದ ತೊಟ್ಟಿ ಪುಟ್ಟ ದೇವನಾರವಾಗುತ್ತದೆ. ವಾಸನೆ ಬಂದಿತು, ನೆಲಮಹಡಿಯವರು ಜಗಳಕ್ಕೆ ಬಂದರು, ತೊಟ್ಟಿ ಮುಚ್ಚಿದೆವು. ಅದೇ ಹೊತ್ತಿಗೆ ನಮ್ಮ ವಾಚ್‌ಮನ್ ಅಂಗಳದಲ್ಲಿ ಗುಡಿಸಿದ ಮಳೆಮರದ ಎಲೆಗಳನ್ನು ಚಳಿಗಾಲದ ಬೆಳಗಿನ ಜಾವ ಗೇಟಿನ ಬಳಿ ಸುಟ್ಟು ‘ಶೆಕೋಟಿ’ ಕಾಯಿಸಿಕೊಳ್ಳುತ್ತಿದ್ದ. ಒಂದು ಕಡೆ ಒಣ ಎಲೆ ಇಲ್ಲದೆ ತೊಟ್ಟಿ ನಾರುತ್ತಿತ್ತು, ಐವತ್ತು ಹೆಜ್ಜೆ ಆಚೆ ಒಣ ಎಲೆ ಹೊಗೆಯಾಗುತ್ತಿತ್ತು. ಈ ಎರಡನ್ನೂ ಜೋಡಿಸಿ ನೋಡಲು ನಮಗೆ ಎರಡು ವರ್ಷ ಬೇಕಾಯಿತು. ಕೊನೆಗೆ ದಾರಿ ತೋರಿಸಿದವರು ಮೂರನೇ ಮಹಡಿಯ ಅಜ್ಜಿಯೊಬ್ಬರು. ಊರಿನಲ್ಲಿ ಹಟ್ಟಿಗೊಬ್ಬರಕ್ಕೆ ಸೊಪ್ಪು, ತರಗೆಲೆ ಹಾಸಿ ಬೆಳೆದವರು ಅವರು. “ತರಗೆಲೆ ಸುಡುವ ಜಾತಿ ಎಲ್ಲಿಯಾದ್ರೂ ಉಂಟಾ?” ಎಂದು ಅವರು ಕೇಳಿದ ಮೇಲೆ ಎಲೆಗಳು ಗೋಣಿಚೀಲದಲ್ಲಿ ತೊಟ್ಟಿಯ ಪಕ್ಕ ನಿಂತವು. ವಾಚ್‌ಮನ್‌ನಿಗೆ ಒಂದು ಸ್ವೆಟರು, ಕಂಬಳಿ ತೆಗೆಸಿಕೊಟ್ಟೆವು. ಕಸ ಸುಟ್ಟರೆ ಪಾಲಿಕೆ ವಿಧಿಸುವ ದಂಡ 2025ರಲ್ಲಿ ನೂರರಿಂದ ಸಾವಿರ ರೂಪಾಯಿಗೆ ಏರಿದೆ. ಚಳಿಗೆ ನಡುಗುವವನ ಮೇಲೆ ಅದನ್ನು ಹಾಕಿದರೆ ಗಾಳಿಗೆ ಆಗುವ ಲಾಭ ಅಷ್ಟಕ್ಕಷ್ಟೇ.

ಇಷ್ಟರವರೆಗೆ ಹೇಳಿದ್ದೆಲ್ಲ ತಮ್ಮ ಕೈಯಲ್ಲೇ ಹೊಗೆಯ ಮೂಲವಿರುವವರ ಮಾತು. ಹೊಗೆ ಬೇರೆಯವರದು, ಶ್ವಾಸ ಮಾತ್ರ ತಮ್ಮದು ಎಂಬ ಸ್ಥಿತಿಯವರಿಗೆ ದಾರಿ ಬೇರೆ. ಚೆಂಬೂರಿನಿಂದ ಕೆಲವೇ ಕಿಲೋಮೀಟರ್ ಆಚೆಗಿನ ಮಾಹುಲ್ ಮತ್ತು ಅಂಬಾಪಾಡಾದ ಜನ ತೈಲ ಸಂಸ್ಕರಣಾಗಾರ, ರಾಸಾಯನಿಕ ಸಂಗ್ರಹಾಗಾರಗಳ ಮಗ್ಗುಲಲ್ಲಿ ಬದುಕುವವರು. ಅವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಅಲ್ಲಿನ ಗಾಳಿ ನಿವಾಸಿಗಳ ಆರೋಗ್ಯಕ್ಕೆ ಅಪಾಯವೆಂದು ಮಂಡಳಿ 2015ರಲ್ಲಿ ಒಪ್ಪಿತು. 2020ರ ಆಗಸ್ಟಿನಲ್ಲಿ ನಾಲ್ಕು ಕಂಪನಿಗಳಿಗೆ ಒಟ್ಟು ಸುಮಾರು 286 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹೇಳಿತು. ಈ ನಡುವೆ, ಬೇರೆಡೆ ಮನೆ ಕಳೆದುಕೊಂಡವರನ್ನು ತಂದು ಅದೇ ಮಾಹುಲಿನ ಕಟ್ಟಡಗಳಲ್ಲಿ ತುಂಬಲಾಗಿತ್ತು. ಅವರು ಹೈಕೋರ್ಟಿಗೆ ಹೋಗಿ, ಬೇರೆ ಕಡೆ ಬಾಡಿಗೆಗೆ ಇರಲು ತಿಂಗಳಿಗೆ 15,000 ರೂಪಾಯಿ ಕೊಡಬೇಕೆಂಬ ಆದೇಶವನ್ನು 2019ರಲ್ಲಿ ಪಡೆದರು. ಗೋವಂಡಿಯ ನಿವಾಸಿಗಳು ವೈದ್ಯಕೀಯ ತ್ಯಾಜ್ಯ ಸುಡುವ ಘಟಕದ ವಿರುದ್ಧ ಹೋರಾಡಿ, ಅದನ್ನು ಎರಡು ವರ್ಷದೊಳಗೆ ರಾಯಗಡ ಜಿಲ್ಲೆಯ ಖಾಲಾಪುರದ ಕಡೆಗೆ ಸ್ಥಳಾಂತರಿಸಬೇಕೆಂಬ ಆದೇಶವನ್ನು 2023ರಲ್ಲಿ ತಂದರು. ಖಾಲಾಪುರದವರನ್ನು ಈ ಬಗ್ಗೆ ಯಾರು ಕೇಳಿದರು ಎಂಬ ಪ್ರಶ್ನೆ ಹಾಗೇ ಉಳಿಯಿತು ಎನ್ನಿ.

ಈ ಹೋರಾಟಗಳಲ್ಲಿ ಘೋಷಣೆಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಕಾಗದ. ಯಾವ ದಿನ ಯಾವ ಹೊತ್ತಿಗೆ ವಾಸನೆ ಬಂತು, ಯಾರು ಆಸ್ಪತ್ರೆಗೆ ಹೋದರು, ದೂರಿನ ಪ್ರತಿಗೆ ಯಾವ ಕಚೇರಿಯ ಮೊಹರು ಬಿತ್ತು ಎಂಬ ದಾಖಲೆ. ನೋಟದ ಪ್ರದರ್ಶನಕ್ಕೂ ಅದರದೇ ಬೆಲೆಯಿದೆ: ನವಿ ಮುಂಬಯಿಯ ಖಾರ್ಘರಿನಲ್ಲಿ 2021ರ ಜನವರಿಯಲ್ಲಿ ನಿಲ್ಲಿಸಿದ್ದ ಬಿಳಿಯ ಕೃತಕ ಶ್ವಾಸಕೋಶ ಹತ್ತೇ ದಿನಗಳಲ್ಲಿ ಕಪ್ಪಾದದ್ದನ್ನು ನೋಡಿದವರು ಮರೆತಿರಲಾರರು. ಆದರೆ ನ್ಯಾಯಾಲಯದ ಮೇಜಿನ ಮೇಲೆ ಓದಿಸಿಕೊಳ್ಳುವುದು ಮೊಹರು ಬಿದ್ದ ಪ್ರತಿಯೇ.

ಕಾಗದ ಹಿಡಿದು ಬೆನ್ನುಹತ್ತುವ ಈ ಕಲೆ ಮುಂಬಯಿ ಕನ್ನಡಿಗರಿಗೆ ಬಾರದ್ದೇನಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ವಿರುದ್ಧ ನಂದಿಕೂರಿನ ಜನಜಾಗೃತಿ ಸಮಿತಿ ವರ್ಷಾನುಗಟ್ಟಲೆ ನ್ಯಾಯಾಲಯಗಳನ್ನು ಹತ್ತಿಳಿದದ್ದೂ, 2022ರಲ್ಲಿ ಹಸಿರು ನ್ಯಾಯಮಂಡಳಿ ಕಂಪನಿಗೆ 52 ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದೂ ಇಲ್ಲಿನ ಪ್ರತಿ ಹೊಟೇಲಿನ ಗಲ್ಲಾದಲ್ಲಿ ಚರ್ಚೆಯಾದ ವಿಷಯ. ಊರಿನ ಪರಿಸರ ಉಳಿಸಲೆಂದೇ ಮುಂಬಯಿಯಲ್ಲಿ ಸಭೆ ಸೇರಿ, ಹಣ ಕೂಡಿಸಿ, ದೆಹಲಿಗೆ ನಿಯೋಗ ಒಯ್ದವರಿದ್ದಾರೆ. ಮಲ್ಲಿಗೆ ಗಿಡದ ಮೇಲೆ ಹಾರುಬೂದಿ ಬಿದ್ದರೆ ಮುಂಬಯಿಯ ನಮಗೆ ನಿದ್ದೆ ಬರುವುದಿಲ್ಲ. ಆದರೆ ಅದೇ ನಾವು ಮೂವತ್ತು, ನಲವತ್ತು ವರ್ಷ ಉಸಿರಾಡುತ್ತ ಬಂದ ಟ್ರಾಂಬೆ, ಮಾಹುಲ್, ದೇವನಾರದ ಗಾಳಿಯ ಬಗ್ಗೆ ನಮ್ಮ ಸಂಘಗಳ ಠರಾವು ಪುಸ್ತಕಗಳಲ್ಲಿ ಎಷ್ಟು ಸಾಲುಗಳಿವೆ? ಊರು ನಮ್ಮದು, ಮುಂಬಯಿ ದುಡಿಮೆಯ ಜಾಗ ಎಂಬ ಹಳೆಯ ಭಾವ ಇದರ ಹಿಂದಿದೆ ಎಂದು ನನಗನ್ನಿಸುತ್ತದೆ. ನಿವೃತ್ತಿಯಾದ ಮೇಲೆ ಹೋಗಿ ನೆಲೆಸುವ ಮನೆಯ ಗಾಳಿಗೆ ಹೋರಾಟ, ಬದುಕೆಲ್ಲ ಕಳೆಯುವ ಮನೆಯ ಗಾಳಿಗೆ ಕಿಟಕಿ ಮುಚ್ಚುವುದು.

ಸಂಘಟನೆಯ ಬಲಕ್ಕೇನೂ ಕೊರತೆಯಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ ಹುಟ್ಟಿದವು. ಹಗಲೆಲ್ಲ ಹೊಟೇಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆ ನಡೆಸಿದ ಪರಂಪರೆ ಇಲ್ಲಿಯದು. ಆ ಹುಡುಗರೇ ಮುಂದೆ ಧಣಿಗಳಾದರು. ಹೀಗಾಗಿ ಈ ನಗರದ ಸಾವಿರಾರು ಅಡುಗೆಮನೆಗಳ ಕೀಲಿಕೈ ಒಂದೇ ಭಾಷೆಯವರ, ಒಂದೇ ಸಭಾಂಗಣದಲ್ಲಿ ಕೂರುವವರ ಕೈಯಲ್ಲಿದೆ. ಇಂಥ ಅನುಕೂಲ ಬೇರೆ ಯಾವ ಸಮುದಾಯಕ್ಕೂ ಸುಲಭವಾಗಿ ಸಿಗದು. ಆದರೆ ಜೂನ್ 5ರ ವಿಶ್ವ ಪರಿಸರ ದಿನ ಬಂದರೆ ನಮ್ಮಲ್ಲಿ ನಡೆಯುವುದು ಸಸಿ ವಿತರಣೆ, ಶಾಲು ಹೊದಿಸುವುದು, ಫೋಟೊ. ಸಸಿಯ ಮೇಲೆ ನನಗೆ ಹಗೆಯಿಲ್ಲ. ಫೋಟೊ ತೆಗೆದ ಮೇಲೆ ಅದಕ್ಕೆ ನೀರು ಹಾಕುವವರ ಹೆಸರನ್ನು ಯಾರೂ ಬರೆದಿಡುವುದಿಲ್ಲ ಎಂಬುದಷ್ಟೇ ದೂರು. ಅದೇ ಸಭಾಂಗಣದಲ್ಲಿ ಮದುವೆಯ ದಿನ ಉಳಿಯುವ ಬಾಳೆಲೆ, ಅನ್ನ, ಸಾಂಬಾರು ಎಷ್ಟು ಕಿಲೋ, ಅದು ಎಲ್ಲಿಗೆ ಹೋಗುತ್ತದೆ, ಹಿಂದೆ ಗಡಗಡಿಸುವ ಡೀಸೆಲ್ ಜನರೇಟರಿನ ಹೊಗೆ ಯಾರ ಕಿಟಕಿಗೆ ಬಡಿಯುತ್ತದೆ ಎಂದು ಕೇಳುವುದು ಸಮಾರಂಭಕ್ಕೆ ಒಪ್ಪುವ ಪ್ರಶ್ನೆಯಲ್ಲ. ಕೆಲಸಕ್ಕೆ ಬರುವ ಪ್ರಶ್ನೆಗಳು ಮಾತ್ರ ಅವೇ.

ಹೊಟೇಲಿನ ಧಣಿಯ ವಾಸನೆಯ ಚಿಂತೆಗೂ ಉತ್ತರ ಸಿಕ್ಕಿದ್ದು ಅವರ ಬಳಗದಿಂದಲೇ. ಮುಲುಂಡಿನಲ್ಲಿ ಅವರ ಭಾವ ಆರು ತಿಂಗಳ ಮೊದಲೇ ಅನಿಲದ ತಂದೂರು ಹಾಕಿಸಿದ್ದರು. ಅಲ್ಲಿ ಹೋಗಿ ತಿಂದು ನೋಡಿದ ಮೇಲೆ ತಿಳಿದದ್ದು, ರೊಟ್ಟಿಯ ರುಚಿಯ ಹೆಚ್ಚು ಪಾಲು ಕಾದ ಮಣ್ಣಿನ ಗೋಡೆಯದು, ಅಲ್ಲಲ್ಲಿ ಕರಟಿದ ಹಿಟ್ಟಿನದು. ಒಂದೆರಡು ನಿಮಿಷದಲ್ಲಿ ಹೊರಬರುವ ರೊಟ್ಟಿಗೆ ಇದ್ದಿಲು ಕೊಡುವುದು ಹೆಚ್ಚೇನಿಲ್ಲ. ಕೋಳಿಯ ವಿಷಯದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ಏಕೆಂದರೆ ಅದರ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯೇ ಅಲ್ಲಿನ ಪರಿಮಳ. ಅನಿಲದ ತಂದೂರಿನಲ್ಲೂ ಬರ್ನರಿನ ಮೇಲಿನ ತಟ್ಟೆಗೆ ಕೊಬ್ಬು ಬಿದ್ದು ತಕ್ಕಮಟ್ಟಿಗೆ ಅದು ಬರುತ್ತದೆ. ಗಡುವಿಗೆ ಎರಡು ವಾರ ಮೊದಲು ಎದುರಿನ ಹೊಟೇಲಿನ ಇದ್ದಿಲು ನಿಂತಿತು. ಪಾಲಿಕೆಯ ನೋಟಿಸು ಗಾಜಿನ ಕೆಳಗೇ ಇತ್ತು. ಅವರನ್ನು ಒಪ್ಪಿಸಿದ್ದು ಭಾವನ ಅಡುಗೆಮನೆ. ಪೋಟ್‌ಮಾಳಾದ ಹುಡುಗ ಈಗಲೂ ಅಲ್ಲೇ ಮಲಗುತ್ತಾನೆ.

ಇನ್ನು ಧೂಳು. ನಗರದ ಗಾಳಿಯಲ್ಲಿ ತೇಲುವ ದಪ್ಪ ಕಣಗಳಲ್ಲಿ ರಸ್ತೆ ಮತ್ತು ಕಟ್ಟಡ ನಿರ್ಮಾಣದ ಧೂಳಿನದೇ ಮೇಲುಗೈ. 2023ರ ಅಕ್ಟೋಬರ್ 25ರಂದು ಪಾಲಿಕೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದು ಎಕರೆಗಿಂತ ದೊಡ್ಡ ನಿವೇಶನದ ಸುತ್ತ 35 ಅಡಿ, ಚಿಕ್ಕದರ ಸುತ್ತ 25 ಅಡಿ ಎತ್ತರದ ತಗಡಿನ ಗೋಡೆ ಇರಬೇಕು, ಕಟ್ಟಡಕ್ಕೆ ಹಸಿರು ಬಟ್ಟೆಯನ್ನೋ ಗೋಣಿಯನ್ನೋ ಹೊದಿಸಬೇಕು, ನೀರು ಚಿಮುಕಿಸುತ್ತಿರಬೇಕು, ಹೊರಡುವ ಲಾರಿಯ ಗಾಲಿ ತೊಳೆಯಬೇಕು, ಮೇಲೆ ತಾಡಪಾಲು ಮುಚ್ಚಬೇಕು. 2024ರ ಡಿಸೆಂಬರ್ ಕೊನೆಗೆ ಬೈಕುಲಾ ಮತ್ತು ಪೂರ್ವ ಬೊರಿವಿಲಿಯಲ್ಲಿ ವಾಯು ಗುಣಮಟ್ಟ ಸೂಚ್ಯಂಕ 200 ದಾಟಿ ನಿಂತಾಗ ಅಲ್ಲಿನ ಎಲ್ಲ ನಿರ್ಮಾಣ ಕಾಮಗಾರಿಯನ್ನೇ ಪಾಲಿಕೆ ತಡೆದಿತ್ತು. ನಿಯಮಗಳಿವೆ. ನಗರದಲ್ಲಿ ಏಕಕಾಲಕ್ಕೆ ನಡೆಯುವ ಸಾವಿರಾರು ಕಾಮಗಾರಿಗಳನ್ನು ನೋಡಿಕೊಳ್ಳಲು ಪಾಲಿಕೆಯ ತಂಡಗಳು ಸಾಲವು, ಅಷ್ಟೇ.

ಈ ಧೂಳಿನ ಬಗ್ಗೆ ಮಾತಾಡುವಾಗ ಬಿಲ್ಡರನ್ನು ಬೈದು ಮುಗಿಸುವುದು ಸುಲಭ. ಚೆಂಬೂರು, ಮಾಟುಂಗಾ, ಗೋರೆಗಾಂವ್, ಮುಲುಂಡ್ ಎಲ್ಲೆಲ್ಲೂ ಏಳುತ್ತಿರುವ ಧೂಳಿನ ಬಹುಪಾಲು ಹಳೆಯದನ್ನು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿನದು, ಅಂದರೆ ನಮ್ಮಂಥ ಸೊಸೈಟಿಗಳು ಸಹಿ ಮಾಡಿ ಕರೆಸಿಕೊಂಡದ್ದು. ಹಳೆಯ ಕಟ್ಟಡ ಕೆಡವುವ ಹೊತ್ತಿಗೆ ಸದಸ್ಯರೆಲ್ಲ ಬಾಡಿಗೆ ಮನೆಗೆ ಹೋಗಿರುತ್ತಾರೆ. ಧೂಳು ಕುಡಿಯುವವರು ಪಕ್ಕದ ಕಟ್ಟಡದವರು. ಅವರ ಸರದಿ ಬಂದಾಗ ನಾವು ಕುಡಿಯುತ್ತೇವೆ.

ನಮ್ಮ ಕಟ್ಟಡಕ್ಕೂ ಈಗ ಆ ಸರದಿ ಬಂದಿದೆ. ಒಪ್ಪಂದದ ಕರಡು ತೊಂಬತ್ತಕ್ಕೂ ಹೆಚ್ಚು ಪುಟಗಳಿದ್ದು, ಕಾರ್ಪೆಟ್ ಏರಿಯಾ, ಕಾರ್ಪಸ್ ನಿಧಿ, ಪಾರ್ಕಿಂಗ್, ಬಾಡಿಗೆ, ಹೊಸ ಫ್ಲ್ಯಾಟಿನ ಬಚ್ಚಲ ನಲ್ಲಿಯ ಕಂಪನಿಯವರೆಗೆ ಎಲ್ಲವೂ ಅದರಲ್ಲಿದೆ. ಧೂಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಸದಸ್ಯರ ಮಾತಿಗೆ ಬಿಲ್ಡರ್ ಕಿವಿಗೊಡುವುದು ಸಹಿಯಾಗುವ ದಿನದ ತನಕ ಮಾತ್ರ ಎಂಬುದನ್ನು ಅಕ್ಕಪಕ್ಕದ ಸೊಸೈಟಿಗಳ ಅನುಭವದಿಂದ ತಿಳಿದಿದ್ದ ನಾವು ನಾಲ್ವರು ಕೂತು ಒಂದು ಕಲಮು ಬರೆದೆವು: ಪಾಲಿಕೆಯ ಮಾರ್ಗಸೂಚಿಯನ್ನು ಒಪ್ಪಂದದ ಭಾಗವೆಂದು ಪರಿಗಣಿಸುವುದು, ಗೇಟಿನ ಬಳಿ ಧೂಳು ಅಳೆಯುವ ಯಂತ್ರವಿಟ್ಟು ಅದರ ಅಂಕಿ ಅಕ್ಕಪಕ್ಕದ ಎರಡು ಸೊಸೈಟಿಗಳಿಗೂ ಕಾಣುವಂತೆ ಮಾಡುವುದು, ಎಷ್ಟು ಡೆಬ್ರಿಸ್ ಯಾವ ಲಾರಿಯಲ್ಲಿ ಎಲ್ಲಿಗೆ ಹೋಯಿತೆಂಬ ರಸೀದಿಯನ್ನು ತಿಂಗಳಿಗೊಮ್ಮೆ ಸಮಿತಿಗೆ ಕೊಡುವುದು. ಸಭೆಯಲ್ಲಿ ಒಬ್ಬರು ಎದ್ದು, “ಇದರಿಂದ ಪೊಸೆಶನ್ ತಡ ಆಗ್ತದಾ?” ಎಂದು ಕೇಳಿದರು. ಇನ್ನೊಬ್ಬರು, ಪಕ್ಕದ ಸೊಸೈಟಿಯವರಿಗೆ ಅಂಕಿ ತೋರಿಸುವುದು ಕೈಯಾರೆ ಕೋರ್ಟು ಕಚೇರಿ ತಂದುಕೊಂಡಂತೆ ಎಂದರು. ಒಂದು ಗಂಟೆಯ ಚರ್ಚೆಯ ನಂತರ ಮೂರರಲ್ಲಿ ಮೂರೂ ಉಳಿದವು, ಎರಡನೆಯದು ಎರಡು ಮತಗಳ ಅಂತರದಿಂದ. ಕರಡು ಈಗ ಬಿಲ್ಡರನ ವಕೀಲರ ಮೇಜಿನ ಮೇಲಿದೆ.